ಫೋನು ಸತ್ತಿಲ್ಲ, ತಡೆದು ನಿಂತಿದೆ

ಬೆಳಗಾವಿಯ ಖಡೇ ಬಜಾರ್ ಇರಲಿ, ವಿಜಯಪುರದ ಗಾಂಧಿ ಚೌಕ ಇರಲಿ, ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಲು ಹೋಗಿ ಲೋಗೋದಲ್ಲೇ ನಿಂತುಬಿಟ್ಟ ಫೋನು ಕೈಯಲ್ಲಿದ್ದರೆ ಕೇಳಿಬರುವ ಮಾತು ಒಂದೇ: ‘ಬೋರ್ಡ್ ಹೋಗೇತ್ರಿ’. ಯೂಟ್ಯೂಬಿಗೆ ಹೋದರೆ ಅಲ್ಲಿ ಇನ್ನೊಂದು ಬಗೆಯ ಮಂತ್ರ. ಮೂರು ಸಲ ವೈಪ್ ಮಾಡಿ, ಎಂದರೆ ಹಳೆಯದನ್ನು ಒರೆಸಿ, ಡಾಲ್ವಿಕ್ ಕ್ಯಾಶ್ ಎಂಬ ತಾತ್ಕಾಲಿಕ ಕಡತಗಳನ್ನು ಅಳಿಸಿ, ಮತ್ತೆ ಮೂರು ಸಲ. ಮೂರೇ ಯಾಕೆ ಎಂದು ಯಾರೂ ಹೇಳುವುದಿಲ್ಲ. ಒಮ್ಮೆ ಫಾರ್ಮ್ಯಾಟ್ ಆದ ಪಾರ್ಟಿಷನ್‌ನಲ್ಲಿ (ಫೋನಿನ ಸ್ಟೋರೇಜಿನ ಒಂದು ಪಾಲಿನಲ್ಲಿ) ಎರಡನೇ ಸಲ ಅಳಿಸಲು ಏನೂ ಉಳಿದಿರುವುದಿಲ್ಲ. ಉಳಿದದ್ದು ಬರೀ ಸಮಾಧಾನ.

ನಿನ್ನೆಯವರೆಗೆ ನೆಟ್ಟಗಿದ್ದ ಫೋನು ಇನ್‌ಸ್ಟಾಲ್ ಮಾಡಿದ ಮೇಲೆ ಏಳದಿದ್ದರೆ ಅದು ಬೋರ್ಡಿನ ತಪ್ಪಾಗಿರುವುದು ತೀರ ಅಪರೂಪ. ಬಹುಪಾಲು ಸಲ ಫೋನಿನ ಕಾವಲು ವ್ಯವಸ್ಥೆ ತನ್ನ ಕೆಲಸ ಮಾಡಿರುತ್ತದೆ. ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಕೂತ ಬೂಟ್ ರಾಮ್ (ROM) ಮೊದಲು ಬೂಟ್‌ಲೋಡರ್‌ನ, ಎಂದರೆ ಸಿಸ್ಟಮ್ಮನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿನ, ಡಿಜಿಟಲ್ ಸಹಿ ನೋಡುತ್ತದೆ, ಬೂಟ್‌ಲೋಡರ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಇರುವ ಬೂಟ್ ಇಮೇಜನ್ನು ನೋಡುತ್ತದೆ, ಕರ್ನಲ್ ಸಿಸ್ಟಮ್ ಪಾರ್ಟಿಷನ್ನನ್ನು ನೋಡುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಎಲ್ಲಿ ನಿಂತಿತು ಎಂಬುದು. ಕಂಪನಿಯ ಲೋಗೋದಲ್ಲೇ ನಿಂತರೆ ಅಥವಾ ಫಾಸ್ಟ್‌ಬೂಟ್‌ಗೆ (ಕಂಪ್ಯೂಟರಿನಿಂದ ಆಜ್ಞೆ ಪಡೆಯುವ ಬೂಟ್‌ಲೋಡರ್ ಪರದೆಗೆ) ವಾಪಸ್ ಬಂದರೆ ತಕರಾರು ಬೂಟ್ ಇಮೇಜಿನ ಆಸುಪಾಸಿನಲ್ಲಿದೆ. ಹೊಸ ಸಿಸ್ಟಮ್ಮಿನ ಅನಿಮೇಷನ್ ಓಡುತ್ತ ಮುಗಿಯದಿದ್ದರೆ ಕರ್ನಲ್ ಎದ್ದಿದೆ, ತೊಂದರೆ ಅದರ ಮೇಲಿನದು. ಮೊದಲ ಬೂಟ್‌ಗೆ ಹದಿನೈದು ನಿಮಿಷ ಕಾಯಬಹುದು. ಅದಕ್ಕಿಂತ ಹೆಚ್ಚಾದರೆ ಯಾವುದೋ ಹೆಜ್ಜೆ ತಪ್ಪಿದೆ.

ಈ ಕಾವಲಿನಲ್ಲಿ ಅತ್ಯಂತ ಸೊಗಸಾದ ಭಾಗ ಡಿಎಂ-ವೆರಿಟಿ, ಸಿಸ್ಟಮ್ ಬದಲಾಗಿದೆಯೇ ಎಂದು ನೋಡುವ ತಪಾಸಣೆ. ಆಂಡ್ರಾಯ್ಡ್ 4.4ರ ಜೊತೆ 2013ರಲ್ಲಿ ಬಂತು, 2016ರ ಆಂಡ್ರಾಯ್ಡ್ 7ರಿಂದ ಕಟ್ಟುನಿಟ್ಟಾಯಿತು. ಪ್ರತಿ ಸಲ ಆನ್ ಮಾಡಿದಾಗ ಇಡೀ ಸಿಸ್ಟಮ್ಮನ್ನು ಓದಿ ಪರೀಕ್ಷಿಸಿದರೆ ಫೋನು ಏಳುವುದು ತೀರ ತಡವಾಗುತ್ತದೆ. ಆದ್ದರಿಂದ ಬೇರೆ ಉಪಾಯ. 2 ಜಿಬಿ ಸಿಸ್ಟಮ್ಮನ್ನು 4,096 ಬೈಟಿನ ತುಂಡುಗಳಾಗಿ ಮಾಡಿದರೆ 5,24,288 ತುಂಡುಗಳು. ಒಂದೊಂದಕ್ಕೂ 32 ಬೈಟಿನ ಒಂದು ಹ್ಯಾಶ್, ಎಂದರೆ ಒಳಗಿನ ಒಂದು ಬಿಟ್ ಬದಲಾದರೂ ಪೂರ್ತಿ ಬೇರೆಯಾಗುವ ಒಂದು ಸಂಖ್ಯೆ. ಇಂಥ 128 ಹ್ಯಾಶ್‌ಗಳು ಒಂದು ತುಂಡಿನಲ್ಲಿ ಹಿಡಿಸುತ್ತವೆ. ಹಾಗೆ ಜೋಡಿಸಿದರೆ ಹ್ಯಾಶ್‌ಗಳದ್ದೇ 4,096 ತುಂಡುಗಳಾದವು. ಅವುಗಳಿಗೂ ಹ್ಯಾಶ್ ತೆಗೆದರೆ 32 ತುಂಡು, ಅವಕ್ಕೂ ತೆಗೆದರೆ ಒಂದೇ ತುಂಡು, ಅದರ ಹ್ಯಾಶ್ ತೆಗೆದರೆ ಉಳಿಯುವುದು ಬರೀ 32 ಬೈಟು. ಎರಡು ಜಿಬಿಯ ಪ್ರಾಮಾಣಿಕತೆ 32 ಬೈಟಿನಲ್ಲಿ! ಅದಕ್ಕೆ ಕಂಪನಿಯ ಸಹಿ ಬಿದ್ದು ವಿಬಿಮೆಟಾ ಎಂಬ ಪುಟ್ಟ ಪಾರ್ಟಿಷನ್‌ನಲ್ಲಿ ಕೂರುತ್ತದೆ. ಫೋನು ಯಾವುದೋ ಒಂದು ತುಂಡನ್ನು ಓದುವಾಗ ಆ ತುಂಡಿನಿಂದ ಈ ಹ್ಯಾಶ್‌ಗಳ ಮರದ ಬೇರಿನವರೆಗೆ, ಎಂದರೆ ಆ ಕೊನೆಯ 32 ಬೈಟಿನವರೆಗೆ, ಹೆಚ್ಚೆಂದರೆ ನಾಲ್ಕು ಹ್ಯಾಶ್ ಲೆಕ್ಕ ಹಾಕಿದರೆ ಸಾಕು, ಉಳಿದ ಐದು ಲಕ್ಷವನ್ನು ಮುಟ್ಟಬೇಕಿಲ್ಲ. ಇಂಥ ಮರದ ಕಲ್ಪನೆ 1979ರಲ್ಲಿ ರಾಲ್ಫ್ ಮರ್ಕಲ್ ಕೊಟ್ಟದ್ದು. ಬಿಟ್‌ಕಾಯಿನ್ ನಿಂತಿರುವುದೂ ಇಂಥದ್ದೇ ಮರದ ಮೇಲೆ.

ಇದರ ಪರಿಣಾಮ ನೇರ. ಹೊಸ ಸಿಸ್ಟಮ್ ಬರೆದು ಹಳೆಯ ವಿಬಿಮೆಟಾವನ್ನು ಹಾಗೇ ಬಿಟ್ಟರೆ ಬೇರು ತಾಳೆಯಾಗುವುದಿಲ್ಲ, ಓದು ವಿಫಲ, ಫೋನು ಸುತ್ತುತ್ತಲೇ ಇರುತ್ತದೆ. ಆದ್ದರಿಂದ ಅನೇಕ ಮಾದರಿಗಳ ಸೂಚನೆಯಲ್ಲಿ ಹೊಸ ವಿಬಿಮೆಟಾ ಬರೆಯುವ ಹೆಜ್ಜೆ ಇರುತ್ತದೆ, ಕೆಲವದರಲ್ಲಿ ‘--ಡಿಸೇಬಲ್-ವೆರಿಟಿ --ಡಿಸೇಬಲ್-ವೆರಿಫಿಕೇಶನ್’ ಸೇರಿಸಿ. ಜನ ಮೊದಲು ಹಾರಿಸುವುದು ಇದನ್ನೇ, ಫೈಲು ಕೆಲವೇ ಕೆಬಿ ಇದೆ, ಅದರಿಂದ ಏನಾದೀತು ಎಂದುಕೊಂಡು.

ಕಾವಲು ಇಷ್ಟು ಬಿಗಿಯಾಗಲು ಕಾರಣವೂ ಇತ್ತು. 2008ರ ಎಚ್‌ಟಿಸಿ ಡ್ರೀಮ್, ಅಂಗಡಿಗೆ ಬಂದ ಮೊದಲ ಆಂಡ್ರಾಯ್ಡ್ ಫೋನು. ಅದರ ಕೀಬೋರ್ಡಿನಲ್ಲಿ ಒತ್ತಿದ ಪ್ರತಿ ಅಕ್ಷರವೂ ಹಿನ್ನೆಲೆಯಲ್ಲಿ ರೂಟ್ ಅಧಿಕಾರದ, ಎಂದರೆ ಏನನ್ನೂ ಮಾಡಬಲ್ಲ, ಶೆಲ್ಲಿಗೂ (ಆಜ್ಞೆ ನಡೆಸುವ ಪ್ರೋಗ್ರಾಮಿಗೂ) ಹೋಗುತ್ತಿತ್ತು. ಗೆಳೆಯನಿಗೆ ‘ರೀಬೂಟ್’ ಎಂದು ಟೈಪು ಮಾಡಿ ಎಂಟರ್ ಒತ್ತಿದರೆ ಫೋನೇ ರೀಬೂಟ್ ಆಗುತ್ತಿತ್ತು. ಹವ್ಯಾಸಿಗಳಿಗೆ ಇದು ತೆರೆದ ಬಾಗಿಲು. 2009ರಲ್ಲಿ ಸ್ಟೀವ್ ಕಾಂಡಿಕ್ ಸಯನೋಜೆನ್‌ಮಾಡ್ ಎಂಬ ಹೊರಗಿನ ಆಂಡ್ರಾಯ್ಡ್ ಸಿಸ್ಟಮ್ ಶುರು ಮಾಡಿದ್ದು ಇದೇ ಫೋನಿಗಾಗಿ. 2016ರ ಡಿಸೆಂಬರಿನಲ್ಲಿ ಅದು ಮುಚ್ಚಿದಾಗ ಅದರಿಂದಲೇ ಲಿನಿಯೇಜ್ ಓಎಸ್ ಹುಟ್ಟಿತು.

ಈಗ ಅನೇಕ ಫೋನುಗಳಲ್ಲಿ ಬಾಗಿಲು ತೆರೆಯುವ, ಎಂದರೆ ಬೂಟ್‌ಲೋಡರಿನ ಬೀಗ ತೆಗೆಯುವ, ಅಧಿಕೃತ ದಾರಿ ಇದೆ. ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಪ್ಷನ್ಸ್ ಬರಿಸಿ, ಓಇಎಂ ಅನ್‌ಲಾಕಿಂಗ್ ಆನ್ ಮಾಡಿ, ಫಾಸ್ಟ್‌ಬೂಟ್‌ನಲ್ಲಿ ‘ಫ್ಲ್ಯಾಶಿಂಗ್ ಅನ್‌ಲಾಕ್’ ಆಜ್ಞೆ ಕೊಡಬೇಕು. ಆ ಸ್ವಿಚ್ಚು ಮಸುಕಾಗಿದ್ದರೆ ಮೊದಲು ಫೋನನ್ನು ಇಂಟರ್‌ನೆಟ್ಟಿಗೆ ಜೋಡಿಸಿ ನೋಡಬೇಕು. ಅನ್‌ಲಾಕ್ ಆದೊಡನೆ ಫೋಟೋ, ಸಂಖ್ಯೆ ಎಲ್ಲ ಅಳಿಯುತ್ತವೆ. ಅಳಿಯದಿದ್ದರೆ, ಫೋನು ಕದ್ದವನು ತನ್ನದೊಂದು ಸಿಸ್ಟಮ್ ಹಾಕಿ ಒಳಗಿನದನ್ನು ತೋಡಲು ದಾರಿಯಾಗುತ್ತಿತ್ತು.

ಕಂಪ್ಯೂಟರಿನಲ್ಲಿ ‘ವೇಟಿಂಗ್ ಫಾರ್ ಎನಿ ಡಿವೈಸ್’ ಎಂದು ಕೂತರೆ ಫೋನನ್ನು ಬೈಯಬೇಡಿ. ಸಂತೆಯಲ್ಲಿ ಸಿಗುವ ಅಗ್ಗದ ಕೇಬಲ್ಲುಗಳಲ್ಲಿ ಎಷ್ಟೋ ಬರೀ ಚಾರ್ಜಿನವು, ಡೇಟಾದ ತಂತಿಯೇ ಇರುವುದಿಲ್ಲ. ಕೇಬಲ್ ಸರಿ ಇದ್ದರೆ, ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ‘ಆಂಡ್ರಾಯ್ಡ್ ಬೂಟ್‌ಲೋಡರ್ ಇಂಟರ್‌ಫೇಸ್’ ಡ್ರೈವರ್ ಕೈಯಾರೆ ಆರಿಸಿ. ಹಳೆಯ ಫೋನುಗಳು ಯುಎಸ್‌ಬಿ 3 ಪೋರ್ಟಿನಲ್ಲಿ ಎಡವಿದರೆ ನಡುವೆ ಒಂದು ಯುಎಸ್‌ಬಿ 2 ಹಬ್ ಹಾಕಿ. ಮೊಬೈಲ್ ಡೇಟಾದಲ್ಲಿ ಇಳಿಸಿದ ಒಂದು ಜಿಬಿಯ ಫೈಲು ಅರ್ಧಕ್ಕೇ ತುಂಡಾಗಿರಬಹುದು, ವಿಂಡೋಸ್‌ನಲ್ಲಿ ‘ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್’, ಫೈಲಿನ ಹೆಸರು, ಕೊನೆಗೆ ‘ಎಸ್‌ಎಚ್‌ಎ256’ ಹೊಡೆದು ಬರುವ ಹ್ಯಾಶ್ ತಾಳೆ ನೋಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗಿಂತ ಲ್ಯಾಪ್‌ಟಾಪ್ ಮೇಲು. ಕರೆಂಟು ಹೋದಾಗ ಸಿಸ್ಟಮ್ ಅರ್ಧ ಬರೆದಿದ್ದರೆ ಮತ್ತೆ ಬರೆಯಬಹುದು, ಬೂಟ್‌ಲೋಡರ್ ಅರ್ಧ ಬರೆದಿದ್ದರೆ ಕಷ್ಟ.

ಸೈಡ್‌ಲೋಡ್ (ರಿಕವರಿ ಎಂಬ ದುರಸ್ತಿ ಪರದೆಯ ಮೂಲಕ ಕಂಪ್ಯೂಟರಿನಿಂದ ಸಿಸ್ಟಮ್ ಕಳಿಸುವುದು) ಶೇ. 47ಕ್ಕೆ ನಿಂತು ‘ಫೇಲ್ಡ್ ಟು ರೀಡ್ ಕಮಾಂಡ್: ಸಕ್ಸೆಸ್’ ಎಂಬ ವಿಚಿತ್ರ ಸಾಲು ಬಂದರೆ ಗಾಬರಿಗೆ ಕಾರಣವಿಲ್ಲ. ಕೆಲವು ಫೋನುಗಳಲ್ಲಿ ಕೆಲಸ ಮುಗಿದಾಗಲೇ ಹಾಗೆ ಬರುತ್ತದೆ, ಫೋನಿನ ಪರದೆ ಏನು ಹೇಳುತ್ತದೆ ಎಂಬುದನ್ನು ನಂಬಿ. ಗೂಗಲ್ ಆ್ಯಪ್‌ಗಳ ಪ್ಯಾಕೇಜ್ ಹಾಕುವಾಗ ಸಹಿ ತಾಳೆಯಾಗಿಲ್ಲ ಎಂದು ರಿಕವರಿ ಕೇಳುತ್ತದೆ. ಆ ಪ್ಯಾಕೇಜಿಗೆ ಲಿನಿಯೇಜ್‌ನ ಸಹಿ ಇರುವುದೇ ಇಲ್ಲ, ‘ಯೆಸ್’ ಒತ್ತಿ. ಆದರೆ ಅದನ್ನು ಮೊದಲ ಬೂಟ್‌ಗಿಂತ ಮುಂಚೆಯೇ ಹಾಕಬೇಕು.

ಅನಿಮೇಷನ್‌ನಲ್ಲೇ ಸುತ್ತುವ ಫೋನುಗಳ ರೋಗ ಹೆಚ್ಚಾಗಿ ಒಂದೇ: ‘ಫಾರ್ಮ್ಯಾಟ್ ಡೇಟಾ’ ಬಿಟ್ಟುಹೋಗಿರುತ್ತದೆ. ಹಳೆಯ ಡೇಟಾ ಬೀಗದಲ್ಲಿದೆ, ಬೀಗದ ಕೀಲಿ ಹಳೆಯ ಸಿಸ್ಟಮ್ಮಿನ ಗುರುತಿಗೆ ಕಟ್ಟಿಕೊಂಡಿದೆ. ಹೊಸದಕ್ಕೆ ಅದು ತೆರೆಯುವುದಿಲ್ಲ. ಕ್ಯಾಶ್ ವೈಪನ್ನು ಮೂವತ್ತು ಸಲ ಮಾಡಿದರೂ ಅಷ್ಟೇ.

ಇನ್ನೊಂದು ಕಂಟಕ ಫರ್ಮ್‌ವೇರ್, ಎಂದರೆ ಫೋನಿನ ಯಂತ್ರಭಾಗಗಳನ್ನು ನಡೆಸುವ ಕಂಪನಿಯ ತಂತ್ರಾಂಶ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸೂ ಸೆರಗಿನ ಹಾಸೂ ಬೇರೆ ಬೇರೆ ಸಿದ್ಧವಾಗಿ, ಎಳೆಗೆ ಎಳೆ ಕೊಂಡಿ ಹಾಕಿಯೇ ಕೂಡುತ್ತವೆ. ಎಳೆಗಳ ಲೆಕ್ಕ ತಪ್ಪಿದರೆ ಸೆರಗು ಕೂಡುವುದಿಲ್ಲ. ಫೋನಿನಲ್ಲೂ ಮೋಡೆಮ್, ಬೂಟ್‌ಲೋಡರ್ ಕಂಪನಿಯವು, ಮೇಲಿನ ಸಿಸ್ಟಮ್ ಹೊರಗಿನದು. ಸೂಚನೆಯಲ್ಲಿ ಆಂಡ್ರಾಯ್ಡ್ ಇಂತಿಷ್ಟನೆಯ ಫರ್ಮ್‌ವೇರ್ ಇರಲೇಬೇಕು ಎಂದಿದ್ದರೆ ಅದು ಸಲಹೆಯಲ್ಲ, ಷರತ್ತು. ಎ/ಬಿ ಸ್ಲಾಟಿನ, ಎಂದರೆ ಸಿಸ್ಟಮ್ಮಿಗೆ ಎರಡು ಜಾಗ ಇರುವ, ಫೋನುಗಳಲ್ಲಿ ಇದು ಇಮ್ಮಡಿ. ಹೊಸ ಸಿಸ್ಟಮ್ ಹೋಗುವುದು ಸದ್ಯ ಬಳಕೆಯಲ್ಲಿಲ್ಲದ ಸ್ಲಾಟಿಗೆ, ಅಲ್ಲಿನ ಫರ್ಮ್‌ವೇರ್ ಹಳೆಯದೋ ಖಾಲಿಯೋ ಇದ್ದೀತು. ಅದಕ್ಕೇ ‘ಕಾಪಿ ಪಾರ್ಟಿಷನ್ಸ್’ ಎಂಬ ಜಿಪ್ ಮೊದಲು ಹಾಕಲು ಹೇಳುವುದು.

ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಕೋಡ್‌ನೇಮ್ ಮುಖ್ಯ. ರೆಡ್ಮಿ ನೋಟ್ 4 ‘ಮಿಡೊ’, ನೋಟ್ 5 ಪ್ರೊ ‘ವೈರೆಡ್’, ಪೋಕೊ ಎಫ್1 ‘ಬೆರಿಲಿಯಮ್’. ಟಿಡಬ್ಲ್ಯೂಆರ್‌ಪಿ ಎಂಬ ರಿಕವರಿಯಲ್ಲಿ ಎರರ್ 7 ಬಂದರೆ ಆ ಜಿಪ್ ಈ ಫೋನಿಗಲ್ಲ ಅಥವಾ ಫರ್ಮ್‌ವೇರ್ ಹೊಂದುತ್ತಿಲ್ಲ ಎಂದರ್ಥ. ಜಿಪ್ ಬಿಚ್ಚಿ ಈ ಪರೀಕ್ಷೆ ಮಾಡುವ ‘ಅಸರ್ಟ್’ ಸಾಲು ಅಳಿಸಿ ಎನ್ನುವ ಉಪದೇಶ ಹೊಗೆ ಬಂದಾಗ ಅಲಾರಮ್ಮಿನ ಬ್ಯಾಟರಿ ಕೀಳುವ ಜಾಣತನ. ರೋಲ್‌ಬ್ಯಾಕ್ ತಡೆ (ಹಳೆಯ ಆವೃತ್ತಿಗೆ ಮರಳದಂತೆ ತಡೆ) ಇರುವ ಶವೋಮಿ ಫೋನುಗಳಿಗೆ ಹಳೆಯ ಫರ್ಮ್‌ವೇರ್ ಹಾಕುವ ಮುನ್ನ ‘ಫಾಸ್ಟ್‌ಬೂಟ್ ಗೆಟ್‌ವಾರ್ ಆ್ಯಂಟಿ’ ಕೇಳಿ. ಫೋನಿನ ಅಂಕಿಗಿಂತ ಫೈಲಿನ ಅಂಕಿ ಕಡಿಮೆ ಇದ್ದರೆ ಮುಟ್ಟಬೇಡಿ. ಮುಟ್ಟಿದರೆ ಪರದೆ ಕಪ್ಪಾಗಿ ಕಂಪ್ಯೂಟರಿನಲ್ಲಿ ‘ಕ್ಯುಡಿಲೋಡರ್ 9008’ ಎಂಬ ತುರ್ತು ಸ್ಥಿತಿಯ ಹೆಸರು ಮಾತ್ರ ಕಾಣಬಹುದು. ಆಗಲೂ ಬೂಟ್ ರಾಮ್ ಜೀವಂತವಿದೆ, ಆದರೆ ಅದರೊಂದಿಗೆ ಮಾತಾಡಲು ಕಂಪನಿಯ ಸಹಿ ಇರುವ ಲೋಡರ್ ಫೈಲು ಬೇಕು.

ಎದ್ದ ಮೇಲೂ ಒಂದೆರಡು ತಕರಾರು. ಜಿಯೋ ಸಿಮ್ಮಿಗೆ ವೋಲ್ಟಿ (4ಜಿ ಜಾಲದ ಮೇಲೆ ಕರೆ) ಇಲ್ಲದೆ ಕರೆ ಹೋಗುವುದಿಲ್ಲ, ಡೇಟಾ ಬಂದು ಕರೆ ಹೋಗದಿದ್ದರೆ ಅಲ್ಲಿ ನೋಡಿ. ಬ್ಯಾಂಕಿನ, ಯುಪಿಐನ ಕೆಲವು ಆ್ಯಪ್‌ಗಳು ಬೂಟ್‌ಲೋಡರ್ ತೆರೆದಿರುವುದನ್ನು ಗೂಗಲ್‌ನ ಪ್ಲೇ ಇಂಟೆಗ್ರಿಟಿ ತಪಾಸಣೆಯ ಮೂಲಕ ತಿಳಿದು ನಿರಾಕರಿಸಬಹುದು.

ಅವುಗಳನ್ನು ಒಪ್ಪಿಸಲು ಬೂಟ್‌ಲೋಡರನ್ನು ಮತ್ತೆ ಲಾಕ್ ಮಾಡಿಬಿಡೋಣ ಎಂಬ ಯೋಚನೆ ಬರುತ್ತದೆ. ಹೊರಗಿನ ಸಿಸ್ಟಮ್ ಇರುವಾಗ ಅದನ್ನು ಮಾಡಲೇಬಾರದು. ಲಾಕ್ ಮಾಡುವುದಿದ್ದರೆ ಮೊದಲು ಕಂಪನಿಯ ಪೂರ್ತಿ ಫರ್ಮ್‌ವೇರ್ ಬರೆದು, ಒಮ್ಮೆ ಆನ್ ಮಾಡಿ ಏಳುವುದನ್ನು ನೋಡಿಕೊಳ್ಳಬೇಕು. ಇಲ್ಲವಾದರೆ ಬಹುಪಾಲು ಫೋನುಗಳು ಸಹಿ ತಾಳೆಯಾಗದೆ ಏಳುವುದಿಲ್ಲ. ಮತ್ತೆ ಅನ್‌ಲಾಕ್ ಮಾಡಲು ಬೇಕಾದ ಸ್ವಿಚ್ಚು ಇರುವುದು ಆ ಏಳದ ಸಿಸ್ಟಮ್ಮಿನ ಸೆಟ್ಟಿಂಗ್ಸ್ ಒಳಗೇ.