ಇಯರ್ 10 ಅಂದ್ರೆ ಹತ್ತನೇ ಕ್ಲಾಸ್ ಅಲ್ಲ

ಬೇರೆ ದೇಶಕ್ಕೆ ಹೋಗೋ ಮನೆಯವರಿಗೆ ಮಕ್ಕಳ ಸ್ಕೂಲ್ ವಿಷಯದಲ್ಲಿ ಸಲಹೆ ಕೊಡ್ತೀನಿ ನಾನು, ವಾರಕ್ಕೊಂದ್ಸಲನಾದ್ರೂ ಈ ಫೋನ್ ಬಂದೇ ಬರುತ್ತೆ. ಅಪ್ಪಂಗೋ ಅಮ್ಮಂಗೋ ಬೇರೆ ದೇಶಕ್ಕೆ ಟ್ರಾನ್ಸ್‌ಫರ್ ಆಗಿರುತ್ತೆ, ಮಗು 9ನೇ ಕ್ಲಾಸ್ ಮುಗಿಸಿರುತ್ತೆ, ಅಲ್ಲಿನ ಬ್ರಿಟಿಷ್ ಸಿಲಬಸ್‌ನ ಇಂಟರ್‌ನ್ಯಾಷನಲ್ ಸ್ಕೂಲಿನವರು ಟೆಸ್ಟ್ ಮಾಡಿ ಇಯರ್ 10ಕ್ಕೆ ಸೀಟ್ ಕೊಡ್ತೀವಿ ಅಂದಿರ್ತಾರೆ. ಮನೇಲಿ ಮೊದಲು ಖುಷಿ, 9 ಆಯ್ತು, ಈಗ 10, ಸರಿಯಾಗೇ ಇದೆಯಲ್ಲ ಅಂತ. ಆಮೇಲೆ ಯಾರೋ ಹೇಳ್ತಾರೆ, ಇಯರ್ 10 ಅಂದ್ರೆ 9ನೇ ಕ್ಲಾಸೇ ಕಣ್ರಿ ಅಂತ. ಅಲ್ಲಿಂದ ಶುರು. "ಮೇಡಂ, ನಮ್ಮ ಹುಡುಗ ಫೇಲ್ ಆಗಿಲ್ಲ, ಮಾರ್ಕ್ಸ್ ಚೆನ್ನಾಗೇ ಇದೆ, ಯಾಕೆ ಒಂದು ವರ್ಷ ಹಿಂದಕ್ಕೆ ಹಾಕ್ತಿದಾರೆ, ನೀವೇ ಮಾತಾಡಿ ಇಯರ್ 11ಕ್ಕೆ ಹಾಕ್ಸಿ."

ನಾನು ಹಾಕ್ಸಲ್ಲ. ಯಾಕೆ ಹಾಕ್ಸಲ್ಲ ಅಂತ ಎಷ್ಟು ಸಲ ಹೇಳಿದ್ರೂ ಮತ್ತೆ ಅದೇ ಪ್ರಶ್ನೆ ಬರುತ್ತೆ, ಅದಕ್ಕೇ ಇದನ್ನ ಬರೆದಿಡ್ತಿದೀನಿ.

ಲೆಕ್ಕ ಸುಲಭ. ಇಂಗ್ಲೆಂಡ್ ಪದ್ಧತೀಲಿ 5 ತುಂಬಿದ ಮಗು ಇಯರ್ 1ರಲ್ಲಿರುತ್ತೆ, ಅಮೆರಿಕನ್ ಪದ್ಧತೀಲಿ 6 ತುಂಬಿದ ಮೇಲೆ ಗ್ರೇಡ್ 1, ನಮ್ಮ ಕ್ಲಾಸ್ ಲೆಕ್ಕಾನೂ ಹೆಚ್ಚುಕಮ್ಮಿ ಹಾಗೇ. ಹಾಗಾಗಿ ಇಯರ್ ನಂಬರ್ ಯಾವಾಗ್ಲೂ ಗ್ರೇಡ್‌ಗಿಂತ ಒಂದು ಜಾಸ್ತಿ, ಇಯರ್ 10 ಅಂದ್ರೆ ಗ್ರೇಡ್ 9. ವಯಸ್ಸು ಮಾತ್ರ ನೋಡಿದ್ರೆ 9 ಮುಗಿಸಿದ ಮಗು ಇಯರ್ 11ಕ್ಕೇ ಹೋಗ್ಬೇಕು, ಅದನ್ನ ನಾನೂ ಒಪ್ತೀನಿ. ಆದ್ರೆ ಈ ಸ್ಕೂಲುಗಳಲ್ಲಿ ನಮ್ಮ ಎಸ್‌ಎಸ್‌ಎಲ್‌ಸಿ ಥರ ಬರೆಯೋ ಐಜಿಸಿಎಸ್‌ಇ ಅನ್ನೋದು ಸಾಮಾನ್ಯವಾಗಿ ಎರಡು ವರ್ಷದ ಕೋರ್ಸು. ಇಯರ್ 10 ಮೊದಲನೇ ವರ್ಷ, ಇಯರ್ 11 ಎರಡನೇದು, ಪರೀಕ್ಷೆ ಕೊನೇಲಿ, ಎರಡೂ ವರ್ಷದ ಪಾಠದ ಮೇಲೆ. ಇಯರ್ 11ಕ್ಕೆ ಸೆಪ್ಟೆಂಬರ್‌ನಲ್ಲಿ ಸೇರಿದ್ರೆ ಡಿಸೆಂಬರ್ ಜನವರಿ ಸುಮಾರಿಗೆ ಮಾಕ್ ಎಕ್ಸಾಮ್ ಅಂದ್ರೆ ಪೂರ್ವಸಿದ್ಧತಾ ಪರೀಕ್ಷೆ, ಮೇ ಜೂನ್‌ಗೆ ನಿಜವಾದ ಪರೀಕ್ಷೆ, ಅಂದ್ರೆ ಎರಡು ವರ್ಷದ್ದನ್ನ ಏಳೆಂಟು ತಿಂಗಳಲ್ಲಿ ಓದ್ಬೇಕು, ಅದೂ ಹೊಸ ದೇಶ, ಹೊಸ ಮನೆ, ಊಟಕ್ಕೆ ಕೂರೋವಾಗ ಪಕ್ಕದಲ್ಲಿ ಒಬ್ಬ ಫ್ರೆಂಡ್ ಇಲ್ಲದೆ.

ಹುಷಾರಿದಾನೆ, ಮ್ಯಾನೇಜ್ ಮಾಡ್ತಾನೆ ಅಂತಾರೆ. ಹುಷಾರಿನ ಪ್ರಶ್ನೇನೇ ಅಲ್ಲ ಇದು. ಗಣಿತ ಹಿಡ್ಕೋಬಹುದು, ಒಪ್ಪಿದೆ. ಆದ್ರೆ ಲಿಟರೇಚರ್‌ನಲ್ಲಿ ಬೇರೆ ಮಕ್ಕಳು ಒಂದು ವರ್ಷದಿಂದ ನಾಟಕ, ಪದ್ಯಗಳನ್ನ ಸಾಲು ಸಾಲಾಗಿ ಓದಿರ್ತಾರೆ, ಹಿಸ್ಟರೀಲಿ ಅರ್ಧ ಟಾಪಿಕ್ ಮುಗಿದಿರುತ್ತೆ, ಕೋರ್ಸ್‌ವರ್ಕ್, ಅಂದ್ರೆ ವರ್ಷದ ಮಧ್ಯೆ ಮಾಡಿ ಮಾರ್ಕ್ಸಿಗೆ ಸೇರೋ ಕೆಲಸ, ಇರೋ ಸಬ್ಜೆಕ್ಟ್ ಆದ್ರೆ ಅದೂ ಶುರುವಾಗಿರುತ್ತೆ. ಟೀಚರ್ ನಿಮ್ಮ ಮಗುಗೋಸ್ಕರ ಮೊದಲಿಂದ ಹೇಳ್ಕೊಡೋಕೆ ಆಗಲ್ಲ.

ಕೆಲವು ವರ್ಷದ ಹಿಂದೆ ಒಂದು ಮನೆಯವರು ತುಂಬಾ ಒತ್ತಾಯ ಮಾಡಿದ್ರು, ಸ್ಕೂಲಲ್ಲಿ ಇಯರ್ 11ರಲ್ಲಿ ಸೀಟ್ ಖಾಲಿ ಇತ್ತು, ಅವ್ರೂ ಹೂಂ ಅಂದ್ರು, ನಾನೂ ಸುಮ್ನಾದೆ. ಹುಡುಗ ನಿಜವಾಗ್ಲೂ ಬುದ್ಧಿವಂತ. ಮಾಕ್ ಎಕ್ಸಾಮ್ ಆದ್ಮೇಲೆ ಮನೇಲಿ ಮಾತೇ ಕಮ್ಮಿಯಾಯ್ತು ಅಂತ ಅವರಮ್ಮ ನಂಗೆ ಫೋನ್ ಮಾಡಿ ಅವನ ಕೈಗೆ ಕೊಟ್ರು. "ಆಂಟಿ, ಕ್ಲಾಸಲ್ಲಿ ಎಲ್ರೂ ರಿವಿಷನ್ ಮಾಡ್ತಿದಾರೆ, ನಾನು ಅದನ್ನೇ ಮೊದಲನೇ ಸಲ ಓದ್ತಿದೀನಿ" ಅಂದ. ಕೊನೆಗೆ ಅರ್ಧ ಸಬ್ಜೆಕ್ಟ್ ಮಾತ್ರ ಬರೆದು ಉಳಿದದ್ದನ್ನ ಮುಂದಿನ ವರ್ಷ ಬರೆದ, ಉಳಿಸ್ಬೇಕು ಅಂದ್ಕೊಂಡಿದ್ದ ವರ್ಷ ಹೇಗೂ ಹೋಯ್ತು. ಅವತ್ತು ಖಡಾಖಂಡಿತವಾಗಿ ಬೇಡ ಅನ್ನಬೇಕಿತ್ತು ನಾನು, ಇವತ್ತಿಗೂ ಆ ಹುಡುಗನ ಧ್ವನಿ ನೆನಪಾಗುತ್ತೆ.

ಈಗಾಗ್ಲೇ ಐಜಿಸಿಎಸ್‌ಇ ಓದ್ತಿದಾಳೆ, ಅಲ್ಲೂ ಐಜಿಸಿಎಸ್‌ಇನೇ ಅಂತ ನಿಶ್ಚಿಂತೆಯಾಗಿ ಇರೋರೂ ಇದಾರೆ. ಪರೀಕ್ಷೆ ನಡೆಸೋ ಬೋರ್ಡ್‌ಗಳೇ ಬೇರೆ ಬೇರೆ, ಕೇಂಬ್ರಿಜ್‌ನವರದ್ದು ಬೇರೆ, ಪಿಯರ್ಸನ್ ಎಡೆಕ್ಸೆಲ್‌ನವರದ್ದು ಬೇರೆ. ಒಂದೇ ಬೋರ್ಡ್ ಆದ್ರೂ ಸ್ಕೂಲು ಆರಿಸ್ಕೊಂಡ ಪುಸ್ತಕ, ಟಾಪಿಕ್ ಬೇರೆ ಇರಬಹುದು.

ಐಜಿಸಿಎಸ್‌ಇ ಆದ್ಮೇಲಿನ ಎರಡು ವರ್ಷಕ್ಕೂ, ಅಂದ್ರೆ ನಮ್ಮ ಪಿಯುಸಿ ಹಂತಕ್ಕೂ, ಇದೇ ಕಥೆ, ಇನ್ನೂ ಬಿಗಿ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಡಿಪ್ಲೊಮಾ ಎರಡು ವರ್ಷ, 6 ಸಬ್ಜೆಕ್ಟು, ಒಂದೊಂದಕ್ಕೆ 7 ಪಾಯಿಂಟು, ಉಳಿದ 3 ಸೇರಿ ಒಟ್ಟು 45. ಆ 3ರ ಒಂದು ಭಾಗಕ್ಕೆ 4000 ಪದದವರೆಗಿನ ಒಂದು ಪ್ರಬಂಧ ಬೇರೆ ಬರೀಬೇಕು, ಅದು ಮೊದಲ ವರ್ಷದಲ್ಲೇ ಶುರುವಾಗುತ್ತೆ. ಮಧ್ಯದಲ್ಲಿ ಸ್ಕೂಲ್ ಬದಲಾಯಿಸಿದ್ರೆ ಆರಕ್ಕೆ ಆರೂ ಸಬ್ಜೆಕ್ಟು, ಅದೇ ಲೆವೆಲ್‌ನಲ್ಲಿ (ಸ್ಟ್ಯಾಂಡರ್ಡ್ ಅಥವಾ ಹೈಯರ್), ಹೊಸ ಸ್ಕೂಲಲ್ಲಿ ಸಿಗಬೇಕು. ಗಣಿತದಲ್ಲೇ ಎರಡು ಬೇರೆ ಕೋರ್ಸ್ ಇದೆ, ಅನಾಲಿಸಿಸ್ ಅಂಡ್ ಅಪ್ರೋಚಸ್ ಒಂದು, ಅಪ್ಲಿಕೇಶನ್ಸ್ ಅಂಡ್ ಇಂಟರ್‌ಪ್ರಿಟೇಶನ್ ಇನ್ನೊಂದು. ಇಂಜಿನಿಯರಿಂಗ್‌ಗೆ ಮೊದಲನೇದನ್ನೇ ಹೈಯರ್ ಲೆವೆಲ್‌ನಲ್ಲಿ ಕೇಳೋ ಯೂನಿವರ್ಸಿಟಿಗಳಿವೆ, ಹೊಸ ಸ್ಕೂಲಲ್ಲಿ ಅದಿಲ್ಲ ಅಂತ ಸಾಮಾನು ಶಿಪ್ ಮಾಡಿದ್ಮೇಲೆ ಗೊತ್ತಾದ್ರೆ ಏನ್ ಮಾಡೋದು.

ಮಧ್ಯದಲ್ಲೇ ಹೋಗ್ಲೇಬೇಕು, ಬೇರೆ ದಾರಿನೇ ಇಲ್ಲ ಅನ್ನೋರಿಗೆ ಅಮೆರಿಕನ್ ಹೈಸ್ಕೂಲ್ ಸ್ವಲ್ಪ ಸಲೀಸು, ಅಲ್ಲಿ ಗ್ರೇಡ್ 9ರಿಂದ 12ರವರೆಗೆ ಪಾಸಾದ ಕೋರ್ಸ್‌ಗಳಿಗೆ ಸಿಗೋ ಕ್ರೆಡಿಟ್ ಒಂದೊಂದಾಗಿ ಸೇರ್ತಾ ಹೋಗುತ್ತೆ, ಹಿಂದಿನ ಸ್ಕೂಲಲ್ಲಿ ಓದಿದ್ದಕ್ಕೂ ಸಾಮಾನ್ಯವಾಗಿ ಕ್ರೆಡಿಟ್ ಸಿಗುತ್ತೆ. ಆದ್ರೆ ಮುಂದಿನ ಓದು ಯಾವ ದೇಶದಲ್ಲಿ ಅನ್ನೋದು ನೋಡ್ಕೊಂಡೇ ಇದನ್ನ ಹೇಳ್ತೀನಿ, ಬರೀ ಹೈಸ್ಕೂಲ್ ಡಿಪ್ಲೊಮಾ ಸಾಕಾಗಲ್ಲ, ಎಪಿ ಅನ್ನೋ ಕಾಲೇಜು ಮಟ್ಟದ ಪರೀಕ್ಷೆಗಳೂ ಬೇಕು ಅನ್ನೋ ಕಡೆಗಳಿವೆ. ಇನ್ನು ಕೆಲವು ಮನೆಯವರು ಅಪ್ಪ ಮುಂಚೆ ಹೋಗಿ, ಅಮ್ಮ ಮಗು ಪರೀಕ್ಷೆ ಮುಗಿಸಿ ಜೂನ್‌ಗೆ ಹೋದ್ರು, ಕಷ್ಟ ಆಯ್ತು ಆದ್ರೆ ಸರಿ ಹೋಯ್ತು. ಎಲ್ರಿಗೂ ಆಗೋ ಮಾತಲ್ಲ ಅದು.

ಇಯರ್ 10 ತಗೊಳ್ಳಿ ಅಂತ ನಾನು ಕಣ್ಮುಚ್ಚಿ ಹೇಳ್ತಿಲ್ಲ. ಮಗು ಕ್ಲಾಸಲ್ಲಿ ಎಲ್ರಿಗಿಂತ ದೊಡ್ಡದಾದ್ರೆ ಹೇಗಿರುತ್ತೆ, ಸ್ಕೂಲಿಗೆ ವಯಸ್ಸಿನ ಮಿತಿ ಇದೆಯಾ, ಎರಡು ವರ್ಷದೊಳಗೆ ಮತ್ತೆ ಟ್ರಾನ್ಸ್‌ಫರ್ ಆಗೋ ಸಾಧ್ಯತೆ ಇದೆಯಾ, ಇದೆಲ್ಲ ನೋಡ್ಬೇಕು. ಮಗುನೂ ಕೂರಿಸ್ಕೊಂಡು ಕೇಳಿ. ನನ್ನ ಮುಂದೆ ಅಪ್ಪ ಅಮ್ಮ ಒಂದು ಗಂಟೆ ಮಾತಾಡ್ತಾರೆ, ಮಗು ಪಕ್ಕದಲ್ಲೇ ಕೂತಿರುತ್ತೆ, ಕೇಳಿದ್ರೆ ಎಷ್ಟೋ ಸಲ ಅದೇ ಹೇಳುತ್ತೆ, ನಂಗೆ ಇಯರ್ 10 ಪರವಾಗಿಲ್ಲ ಅಂತ.

ಕ್ಯಾಂಪಸ್ ಫೋಟೋ ಆಮೇಲೆ ನೋಡಿ. ಮೊದಲು ಅಡ್ಮಿಷನ್ ಆಫೀಸ್‌ಗೆ ಮೇಲ್ ಹಾಕಿ, ಪ್ರತಿ ಸಬ್ಜೆಕ್ಟ್‌ಗೂ ಬೋರ್ಡ್ ಯಾವುದು, ಸಿಲಬಸ್ ಕೋಡ್ ಏನು ಅಂತ ಬರೆದು ಕೊಡೋಕೆ ಕೇಳಿ, ಕೇಂಬ್ರಿಜ್ ಗಣಿತ 0580, ಕೆಮಿಸ್ಟ್ರಿ 0620, ಹೀಗೆ ನಾಲ್ಕಂಕಿಯ ಕೋಡ್ ಇರುತ್ತೆ. ಇಲ್ಲಿವರೆಗೆ ಯಾವ ಯೂನಿಟ್ ಮುಗ್ಸಿದಾರೆ, ಯಾವ ಪುಸ್ತಕ ಓದ್ತಿದಾರೆ ಅಂತಾನೂ ಕೇಳಿ. ಐಬಿ ಅಂದ್ರೆ ಆ ಸ್ಕೂಲಿಗೆ ಮಾನ್ಯತೆ ಸಿಕ್ಕಾಗಿದೆಯಾ, ಇನ್ನೂ ಮಾನ್ಯತೆಗೆ ಕಾಯ್ತಿರೋ ಕ್ಯಾಂಡಿಡೇಟ್ ಸ್ಕೂಲಾ ಅಂತ ಐಬಿ ವೆಬ್‌ಸೈಟಲ್ಲೇ ನೋಡ್ಕೊಳ್ಳಿ. ಉತ್ತರ ಬರೋವರೆಗೂ ಡೆಪಾಸಿಟ್ ಕಟ್ಬೇಡಿ.