ಜಾಮೀನು ಯಾರದು? ಚೀನಾದ ಹಾದಿ, ಜಪಾನಿನ ಲೆಕ್ಕ

ಮೂಲಸೌಕರ್ಯ ಯೋಜನೆಗಳ ಸಾಲಪತ್ರ ಓದುವುದು ನನ್ನ ಉದ್ಯೋಗ. ಕಡತ ಕೈಗೆ ಬಂದರೆ ಬಡ್ಡಿ ಎಷ್ಟೆಂದು ನೋಡುವ ಮೊದಲು ಜಾಮೀನು ಯಾರದೆಂದು ಹುಡುಕುತ್ತೇನೆ. ಬೇರೆ ದೇಶಗಳಲ್ಲಿ ಸಾಲ ಕೊಟ್ಟು ರಸ್ತೆ, ರೈಲು, ಬಂದರು ಕಟ್ಟುವ ಚೀನಾದ ‘ಬೆಲ್ಟ್ ಅಂಡ್ ರೋಡ್’ ಯೋಜನೆಯ ಬಗ್ಗೆ ಜಪಾನಿನ ನಿಲುವು ಬದಲಾದ ಕಥೆಯನ್ನೂ ನಾನು ಓದುವುದು ಆ ಜಾಮೀನಿನ ಪುಟದಿಂದಲೇ.

ಜಕಾರ್ತಾ–ಬಾಂಡುಂಗ್ ನಡುವಿನ 142 ಕಿ.ಮೀ. ವೇಗದ ರೈಲನ್ನು ತಾನೇ ಕಟ್ಟುವುದೆಂದು ಜಪಾನ್ ನಂಬಿತ್ತು. ಅಧ್ಯಯನ ಮುಗಿಸಿತ್ತು, ಅಗ್ಗದ ಸಾಲವನ್ನೂ ಮುಂದಿಟ್ಟಿತ್ತು. ಆದರೆ ಇಂಡೊನೇಷ್ಯಾ ಸರ್ಕಾರ ಜಾಮೀನು ನಿಲ್ಲಬೇಕಿತ್ತು. ಜಾಮೀನೂ ಬೇಡ, ನಿಮ್ಮ ಬೊಕ್ಕಸದ ದುಡ್ಡೂ ಬೇಡ ಎಂದಿತು ಚೀನಾ. 2015ರಲ್ಲಿ ಗುತ್ತಿಗೆ ಬೀಜಿಂಗ್ ಪಾಲಾಯಿತು. ಟೋಕಿಯೊ ಸಿಟ್ಟನ್ನು ಮುಚ್ಚಿಡಲಿಲ್ಲ.

ಅದೇ ಟೋಕಿಯೊ 2017ರ ಜೂನ್‌ನಲ್ಲಿ ಸಹಕಾರಕ್ಕೆ ಸಿದ್ಧ ಎಂದಿತು. ಪ್ರಧಾನಿ ಶಿಂಜೊ ಅಬೆ ಭಾಷಣದಲ್ಲಿ ಹೇಳಿದ್ದಿಷ್ಟು: ಕಟ್ಟಿದ್ದು ಎಲ್ಲರ ಬಳಕೆಗೆ ತೆರೆದಿರಬೇಕು, ಖರೀದಿ ಪಾರದರ್ಶಕವಾಗಿರಬೇಕು, ಯೋಜನೆ ಲಾಭದ ಲೆಕ್ಕಕ್ಕೆ ಕೂಡಿಬರಬೇಕು, ಸಾಲ ತೀರಿಸುವಂತಿರಬೇಕು. ಹಲವರು ಇದನ್ನು ಸ್ನೇಹಹಸ್ತ ಎಂದರು. ನನಗದು ಟೆಂಡರಿನ ಅರ್ಹತಾ ಷರತ್ತುಗಳಂತೆ ಕಂಡಿತು.

2018ರ ಅಕ್ಟೋಬರ್‌ನಲ್ಲಿ ಅಬೆ ಬೀಜಿಂಗ್‌ಗೆ ಹೋದರು. ಅಮೆರಿಕದ ಸುಂಕದ ಸಮರ ಇಬ್ಬರನ್ನೂ ಹತ್ತಿರ ತಂದಿತ್ತು. 52 ತಿಳಿವಳಿಕೆ ಪತ್ರಗಳಿಗೆ ಸಹಿ ಬಿತ್ತು. ಆ ಸಹಕಾರಕ್ಕೆ ಜಪಾನ್ ಇಟ್ಟ ಹೆಸರು ‘ಬೆಲ್ಟ್ ಅಂಡ್ ರೋಡ್’ ಅಲ್ಲ, ‘ಮೂರನೇ ದೇಶಗಳಲ್ಲಿ ಸಹಕಾರ’. ತಿಳಿವಳಿಕೆ ಪತ್ರವೆಂದರೆ ಮದುವೆ ಮಾತುಕತೆಯಷ್ಟೇ, ತಾಳಿ ಕಟ್ಟಿದಂತಲ್ಲ. ಮಾದರಿಯಾಗಬೇಕಿದ್ದ ಥಾಯ್ಲೆಂಡಿನ ಮೂರು ವಿಮಾನ ನಿಲ್ದಾಣಗಳ ರೈಲು ಯೋಜನೆಯಲ್ಲಿ ಜಪಾನಿ ಕಂಪನಿಗಳು ಲೆಕ್ಕ ಹಾಕಿ ಹಿಂದೆ ಸರಿದವು. ಗುತ್ತಿಗೆ ಚೀನಾದ ಕಂಪನಿಯೂ ಇದ್ದ ಥಾಯ್ ಕೂಟಕ್ಕೆ ಹೋಯಿತು. ವಿದೇಶಾಂಗ ಸಚಿವಾಲಯ ಬಾಗಿಲು ತೆರೆಯಬಹುದು, ಕಂಪನಿಯ ಲೆಕ್ಕಿಗನನ್ನು ಒಳಗೆ ತಳ್ಳಲಾಗದು.

ಇನ್ನು ಜಕಾರ್ತಾ ರೈಲು. ಅದು 2023ರ ಅಕ್ಟೋಬರ್‌ನಲ್ಲಿ ಸಂಚಾರ ಆರಂಭಿಸಿತು. ವೆಚ್ಚ ಅಂದಾಜನ್ನು ಮೀರಿ ಸುಮಾರು 120 ಕೋಟಿ ಡಾಲರ್ ಏರಿತ್ತು. ಹೆಚ್ಚುವರಿ ಸಾಲಕ್ಕಾಗಿ ಇಂಡೊನೇಷ್ಯಾದ ಹಣಕಾಸು ಸಚಿವಾಲಯ ಸರ್ಕಾರದ ಜಾಮೀನಿಗೆ ನಿಯಮವನ್ನೇ ಹೊರಡಿಸಬೇಕಾಯಿತು. ಎಂಟು ವರ್ಷದ ಹಿಂದೆ ಬೇಡವೆಂದ ಪುಟ ಹಿಂಬಾಗಿಲಿನಿಂದ ಕಡತ ಸೇರಿತು.

ಇದು ದೂರದ ಮಾತೆನಿಸಿದರೆ ಬೆಂಗಳೂರಿನ ಮೆಟ್ರೊ ನೋಡಿ. ಮೊದಲ ಹಂತಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸಾಲ ಕೊಟ್ಟಿತು. ಕಾಳೇನ ಅಗ್ರಹಾರ–ನಾಗವಾರ ಗುಲಾಬಿ ಮಾರ್ಗಕ್ಕೆ ಸಾಲ ಕೊಟ್ಟವರಲ್ಲಿ ಬೀಜಿಂಗ್‌ನ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕೂ ಇದೆ. ‘ಬೆಲ್ಟ್ ಅಂಡ್ ರೋಡ್’ ಒಪ್ಪದ ಭಾರತ ಆ ಬ್ಯಾಂಕಿನ ಎರಡನೇ ಅತಿ ದೊಡ್ಡ ಷೇರುದಾರ, ಸಹಕಾರದ ಮಾತಾಡಿದ ಜಪಾನ್ ಸದಸ್ಯನೇ ಅಲ್ಲ. ಎರಡೂ ಸಾಲಗಳ ಹಿಂದೆ ನಿಂತಿರುವುದು ಭಾರತ ಸರ್ಕಾರ.