ಬೆರಳ ತುದಿಯ ಬೆಳಕು: ಕಾಯಿಲೆ ಗೊತ್ತಾಯ್ತು, ಆಮೇಲೆ?

ಬಯೋಮಾರ್ಕರ್, ಸ್ಪೆಕ್ಟ್ರೋಸ್ಕೋಪಿ, 'ನಿಮಗೇ ಹೊಂದುವ ಚಿಕಿತ್ಸೆ'. ಈಗ ಎಲ್ಲಿ ನೋಡಿದರೂ ಈ ಮೂರು ಮಾತು. ಮೂರೂ ಒಂದೇ ಅಂತ ಎಷ್ಟೋ ಜನ ತಿಳಿದಿದ್ದಾರೆ. ಸ್ವಲ್ಪ ಹಿಂದಿನಿಂದ ಬಿಡಿಸೋಣ.

ಬಯೋಮಾರ್ಕರ್ ಅಂದರೆ ದೇಹದೊಳಗೆ ಏನಾಗುತ್ತಿದೆ ಅಂತ ಹೇಳುವ, ಅಳೆಯಲು ಬರುವ ಗುರುತು. ಶುಗರ್ ಇರುವವರು ಮಾಡಿಸುವ ಎಚ್‌ಬಿಎ1ಸಿ ಅದೇ, ಎದೆನೋವು ಬಂದಾಗ ನೋಡುವ ಟ್ರೊಪೋನಿನ್ನೂ ಅದೇ. ಸ್ಪೆಕ್ಟ್ರೋಸ್ಕೋಪಿ ಅಂದರೆ ಬೆಳಕು ಬಿಟ್ಟು, ಅದು ಹೇಗೆ ಬದಲಾಗಿ ಬಂತು ಅಂತ ನೋಡಿ ಒಳಗೇನಿದೆ ಎಂದು ಹೇಳುವುದು. 1928ರಲ್ಲಿ ಸಿ.ವಿ. ರಾಮನ್ ಕಂಡ ಪರಿಣಾಮ (ವಸ್ತುವಿಗೆ ತಾಗಿ ಚದುರಿದ ಬೆಳಕಿನಲ್ಲಿ ಒಂದು ಚೂರಿನ ಬಣ್ಣ ಬದಲಾಗುವುದು), 1960ರ ಲೇಸರ್, ಆಮೇಲೆ ಮಣಿಪಾಲ, ಮುಂಬೈಗಳಲ್ಲಿ ಬಾಯಿ ಕ್ಯಾನ್ಸರನ್ನು ಬೆಳಕಿನಿಂದ ಗುರುತಿಸುವ ಪ್ರಯೋಗಗಳು. ಆದರೆ ಹಾಗೆ ಬಣ್ಣ ಬದಲಾದ ಬೆಳಕು ತೀರಾ ಮಂಕು. ಅದಕ್ಕೇ ಲ್ಯಾಬ್ ಬಿಟ್ಟು ಹೊರಗೆ ಬರಲು ಇಷ್ಟು ತಡ.

ನಮ್ಮ ಕೊಡಗಿನ ಮನೆಗಳಿಗೆ ಮೊದಲು ಬಂದದ್ದು ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡುವ ಆಕ್ಸಿಮೀಟರ್. ಅದೂ ಬೆಳಕಿನದ್ದೇ ಕೆಲಸ. ಆಕ್ಸಿಜನ್ ಹೊತ್ತ ರಕ್ತ ಕೆಂಪು ಬೆಳಕನ್ನು ಕಮ್ಮಿ ಹೀರುತ್ತದೆ, ಆಕ್ಸಿಜನ್ ಇಲ್ಲದ ರಕ್ತ ಜಾಸ್ತಿ ಹೀರುತ್ತದೆ. ಇನ್‌ಫ್ರಾರೆಡ್‌ನಲ್ಲಿ ಇದು ಉಲ್ಟಾ. ನಾಡಿ ಬಡಿದಾಗ ಬದಲಾಗುವ ಭಾಗವನ್ನಷ್ಟೇ ಹಿಡಿದರೆ ಲೆಕ್ಕ ಸಿಗುತ್ತದೆ ಅಂತ 1970ರ ದಶಕದಲ್ಲಿ ಜಪಾನಿನ ಟಕುವೊ ಅಯೊಯಾಗಿ ತೋರಿಸಿದರು. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತೆಲ್ಲ ಅದೇ ಕ್ಲಿಪ್ಪಿಗಾಗಿ ಮೆಡಿಕಲ್ ಶಾಪಿನ ಮುಂದೆ ನಿಂತಿದ್ದ ಹೊತ್ತಿಗೆ.

2021ರ ಕೋವಿಡ್ ಮಳೆಗಾಲ ನೆನಪಿದೆ ಅಲ್ವಾ? ತೋಟದ ಲೈನ್ ಮನೆಯಿಂದ ಹಿಡಿದು ದೊಡ್ಡ ಮನೆಯವರೆಗೂ ಎಲ್ಲರ ಬಾಯಲ್ಲೂ ಆಕ್ಸಿಜನ್ 94, 95. ನಮ್ಮ ಮನೆಯಲ್ಲೂ ಒಂದು ಸಂಜೆ 88 ಅಂತ ತೋರಿಸಿತು, ಗಾಡಿ ಹೊರಡಿಸುವಷ್ಟರಲ್ಲಿ ಅಜ್ಜಿ ಒಲೆ ಮುಂದೆ ಕೂತು ಕೈ ಕಾಯಿಸಿಕೊಂಡರು, ಮತ್ತೆ ಹಾಕಿದರೆ 96. ಬೆರಳು ತಣ್ಣಗಾದರೆ ಅಲ್ಲಿ ರಕ್ತದ ಓಡಾಟ ಕಮ್ಮಿ, ಬೆಳಕಿಗೆ ನಾಡಿ ಸಿಗುವುದಿಲ್ಲ. ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ನಮ್ಮಲ್ಲಿ ಯಾರು ಓದುತ್ತಾರೆ! 2020ರ ಕೊನೆಗೆ ಅಮೆರಿಕದಿಂದ ಇನ್ನೂ ದೊಡ್ಡ ಸುದ್ದಿ ಬಂತು: ಆಕ್ಸಿಜನ್ ಕುಸಿದದ್ದು ಗೊತ್ತಾಗದೆ ಹೋಗುವುದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು 3 ಪಟ್ಟು ಜಾಸ್ತಿ. ಚರ್ಮದ ಬಣ್ಣವೂ ಬೆಳಕು ಹೀರುತ್ತದೆ. ಬಿಸಿಲಲ್ಲಿ ದುಡಿಯುವ ನಮ್ಮವರ ಬೆರಳಿಗೆ ಈ ಲೆಕ್ಕ ಎಷ್ಟು ಸರಿ ಅಂತ ಆಗ ಇಲ್ಲಿ ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಗುಣವಾದ ಮೇಲಿನದ್ದು ಬೇರೆ ಕಥೆ. ಶ್ವಾಸಕೋಶ ಎಷ್ಟು ಸುಧಾರಿಸಿದೆ ಅಂತ ನೋಡಲು 6 ನಿಮಿಷ ನಡೆಸಿ ಆಕ್ಸಿಜನ್ ಅಳೆಯುತ್ತಾರೆ. ಒಳ್ಳೆಯ ಪರೀಕ್ಷೆಯೇ. ಆದರೆ ಅದು ನಡೆಯುವುದು 30 ಮೀಟರಿನ ಸಮತಟ್ಟಾದ ಕಾರಿಡಾರಿನಲ್ಲಿ. ನಮ್ಮಲ್ಲಿ ರಸ್ತೆಯಿಂದ ಮನೆಗೆ ಹೋಗುವುದೇ ಏರು. ಅಲ್ಲಿ ಪಾಸಾದವರು ಇಲ್ಲಿ ಅರ್ಧ ದಾರಿಯಲ್ಲೇ ಕೂರುತ್ತಾರೆ.

ಸ್ಟ್ರೋಕ್ ಆದವರ ವಿಷಯದಲ್ಲಿ ನ್ಯೂಜಿಲೆಂಡ್‌ನವರು ಒಂದು ಹೆಜ್ಜೆ ಮುಂದೆ. ಮೂರು ದಿನದೊಳಗೆ ಭುಜ ಎತ್ತಿಸಿ, ಬೆರಳು ಬಿಡಿಸಿ ನೋಡುತ್ತಾರೆ, ಎರಡಕ್ಕೂ 5ರವರೆಗೆ ಅಂಕ. ಒಟ್ಟು 5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕೈ ಚೆನ್ನಾಗಿ ವಾಪಸ್ ಬರುವ ಸಂಭವ ಜಾಸ್ತಿ. ಕಮ್ಮಿಯಿದ್ದರೆ ಮಾತ್ರ ತಲೆಯ ಮೇಲೆ ಕಾಂತದ ಯಂತ್ರ ಹಿಡಿದು, ಮಿದುಳಿನ ಸಂದೇಶ ಕೈಗೆ ತಲುಪುತ್ತಿದೆಯಾ ಅಂತ ಪರೀಕ್ಷೆ. ಅದರ ಮೇಲೆ ಫಿಸಿಯೋ ಯಾರಿಗೆ ಎಂಥದ್ದು ಅಂತ ತೀರ್ಮಾನ. 'ನಿಮಗೇ ಹೊಂದುವ ಚಿಕಿತ್ಸೆ' ಅಂದರೆ ಇದೇ. ಇಲ್ಲಿ ಬಯೋಮಾರ್ಕರ್ ರಕ್ತದಲ್ಲೇ ಇಲ್ಲ, ಮೊದಲ ಪರೀಕ್ಷೆಗೆ ಕಾಸೂ ಬೇಡ.

ನಮ್ಮ ಕಡೆಯವರ ಆ ಮೂರು ದಿನ ಘಾಟಿ ಇಳಿದು ಮಂಗಳೂರಿಗೋ, ಇಲ್ಲ ಮೈಸೂರಿಗೋ ಹೋಗಿ ಐಸಿಯು ಹೊರಗೆ ಕಾಯುವುದರಲ್ಲೇ ಕಳೆಯುತ್ತದೆ. ನಾನು ನೋಡಿದ ಡಿಸ್ಚಾರ್ಜ್ ಚೀಟಿಗಳಲ್ಲಿ 'ಫಿಸಿಯೋಥೆರಪಿ ಮಾಡಿಸಿ' ಅಂತ ಒಂದೇ ಸಾಲು. ದಿನಕ್ಕೆ ಎಷ್ಟು ಹೊತ್ತು, ಎಷ್ಟು ವಾರ, ಹತ್ತಿರ ಯಾರ ಹತ್ತಿರ ಹೋಗಬೇಕು, ಏನೂ ಇರುವುದಿಲ್ಲ. ಸ್ಕ್ಯಾನ್ ಮಾತ್ರ ದೊಡ್ಡ ಕವರಿನಲ್ಲಿ, ಬೀರುವಿನ ಮೇಲೆ ಜೋಪಾನವಾಗಿರುತ್ತದೆ.